ಏನೂ ಇರದಿದ್ದ ಜಾಗ

ಊರು ಬೆಳೆಯುತ್ತಿರುವ ಸುದ್ದಿ ಕೇರಿಗೆ ಮುಟ್ಟಿದ್ದು ಮೇಸ್ತ್ರಿ ವೆಂಕಟರಂಗಯ್ಯನ ಬಾಯಿಂದ. ಅವನು ಸೈಕಲ್ಲಿನಿಂದ ಇಳಿಯಲಿಲ್ಲ. ಕೇರಿಯ ಒಳಗೂ ಬರಲಿಲ್ಲ. ಹುಣಸೆಮರದ ಹತ್ತಿರ ಒಂದು ಕಾಲು ನೆಲಕ್ಕೆ ಊರಿ ಕೂಗಿದ.

“ಎಕ್ಸ್‌ಟೆನ್ಷನ್ ಆಯ್ತದೆ ಕಣ್ರೋ ಇಲ್ಲಿ. ಗಂಡಾಳು ಹೆಣ್ಣಾಳು ಎಲ್ಲಾರ್ಗೂ ಕೆಲ್ಸ ಐತೆ. ಗುದ್ಲಿ, ಮಂಕ್ರಿ ನಿಮ್ಮವೇ ತರ್ಬೇಕು.”

ಎಕ್ಸ್‌ಟೆನ್ಷನ್ ಅಂದರೆ ಏನೆಂದು ಯಾರೂ ಕೇಳಲಿಲ್ಲ. ಕೆಲಸ ಅಂದರೆ ಗೊತ್ತಿತ್ತು. ಅದು ಐವತ್ತೇಳನೆಯ ಇಸವಿ. ಕೇರಿ ಉಪ್ಪಾರಹಳ್ಳಿಯಿಂದಾಚೆ, ಕುಣಿಗಲ್ ರಸ್ತೆಯ ಮಗ್ಗುಲಿಗಿತ್ತು. ಅಲ್ಲಿಂದ ಮುಂದಕ್ಕೆ ತುಮಕೂರು ಇರಲಿಲ್ಲ.

ಪೇಟೆಯ ವಕೀಲರು, ಮೇಷ್ಟ್ರುಗಳು, ಕಚೇರಿಯ ಗುಮಾಸ್ತರು ಸೇರಿ ಮನೆ ಕಟ್ಟಿಕೊಳ್ಳಲು ಒಂದು ಸಂಘ ಮಾಡಿದ್ದರು. ವಕೀಲ ಶ್ರೀಕಂಠಯ್ಯ ಅದರ ಅಧ್ಯಕ್ಷ. ಗುಬ್ಬಿಯ ಕಡೆ ಅವರದ್ದು ತೆಂಗಿನ ತೋಟ. ತುಮಕೂರಿನಲ್ಲಿ ಮಾತ್ರ ಬಾಡಿಗೆ ಮನೆ. ಪೇಟೆಯ ಬೀದಿಗಳು ಇಕ್ಕಟ್ಟು, ಮನೆಯೊಳಗೆ ಗಾಳಿಯಾಡುವುದಿಲ್ಲ ಎಂಬುದು ಅವರ ದೂರು. ಕೇರಿಯ ಸುತ್ತ ಗಾಳಿ ಬೇಕಾದಷ್ಟಿತ್ತು.

ಚಿಕ್ಕಗಂಗಮ್ಮ ಮೊದಲನೆಯ ದಿನವೇ ಕೂಲಿಗೆ ಹೋದಳು. ಹುತ್ರಿದುರ್ಗದ ಬೆಟ್ಟದ ಬುಡದ ಕೇರಿಯಿಂದ ಮದುವೆಯಾಗಿ ಬಂದವಳು. ಗಂಡ ಅಪ್ಪಾಜಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಮಾವ ಚಿಕ್ಕಮಾರಯ್ಯ ಕೇರಿಯಲ್ಲಿ ಯಾರು ಸತ್ತರೂ ಗುಣಿ ತೋಡುತ್ತಿದ್ದ. ಸತ್ತವರಿಗೆ ಮಾಡುವ ಕೆಲಸಕ್ಕೆ ಅವನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದ ಸೊಸೆ ಮಣ್ಣು ಹೊರಬೇಕಾಯಿತು.

ಕಳ್ಳಿ ಕಡಿದರು. ಜಾಲಿಯ ಬೇರು ಕಿತ್ತರು. ದಿಣ್ಣೆ ಅಗೆದು ಹಳ್ಳ ತುಂಬಿದರು. ಗಂಡಸರು ಹಾರೆ ಹಾಕುವುದು, ಹೆಂಗಸರು ಹೊರುವುದು. ಚಿಕ್ಕಗಂಗಮ್ಮ ಹರಕು ಸೀರೆಯ ಸಿಂಬೆ ಸುತ್ತಿ ತಲೆಗಿಟ್ಟು, ಅದರ ಮೇಲೆ ಮಂಕರಿ ಹೊತ್ತು ನಡೆದಳು. ಮಣ್ಣು ಕೂದಲಿಗೆ ಇಳಿಯಿತು, ಕಿವಿಗೆ ಇಳಿಯಿತು, ರವಿಕೆಯೊಳಗೆ ಬೆವರು ಸೇರಿ ಕೆಸರಾಯಿತು. ನಡುನೆತ್ತಿಯ ಕೂದಲು ಉದುರಿತು. ಮಲಗಿದರೆ ಕುತ್ತಿಗೆ ಹೊರಳುತ್ತಿರಲಿಲ್ಲ. ಬೆಳಿಗ್ಗೆ ಅದೇ ಕುತ್ತಿಗೆಯ ಮೇಲೆ ಅದೇ ಮಂಕರಿ.

ಒಂದು ದಿನ ಶ್ರೀಕಂಠಯ್ಯನವರು ಹೆಂಡತಿ ಕೌಸಲ್ಯಮ್ಮನವರನ್ನು ಸೈಟು ತೋರಿಸಲು ಜಟಕಾದಲ್ಲಿ ಕರೆತಂದರು. ವೆಂಕಟರಂಗಯ್ಯ ಓಡಿಬಂದು ಹೆಣ್ಣಾಳುಗಳಿಗೆ ಕೈ ಬೀಸಿದ.

“ಆ ಕಡೀಕ್ ಸರೀರಮ್ಮಿ, ಆ ಕಡೀಕೆ. ಗಾಳಿ ಇತ್ಲಾಗ್ ಬೀಸ್ತಾ ಐತೆ.”

ಅವರು ಮಂಕರಿ ಹೊತ್ತುಕೊಂಡೇ ಸರಿದರು. ಯಜಮಾನರು ಗಾಳಿಗೋಸ್ಕರ ತಾನೇ ಬಂದಿದ್ದರು.

ಚಳಿಗಾಲದ ಹೊತ್ತಿಗೆ ಸುಣ್ಣದ ಗೆರೆ ಕೇರಿಯ ಹೂಳುವ ಜಾಗಕ್ಕೆ ಬಂತು. ಅದು ಹೂಳುವ ಜಾಗ ಎಂದು ತಿಳಿಯಲು ಓದು ಬೇಕಿರಲಿಲ್ಲ. ಸಾಲು ಸಾಲು ಮಣ್ಣಿನ ಗುಡ್ಡೆ. ತಲೆಯ ಕಡೆ ಒಂದೊಂದು ಕಲ್ಲು. ಕೆಲವು ಕಲ್ಲುಗಳ ಮೇಲೆ ಒಣಗಿದ ಅರಿಸಿನ. ಗೆರೆ ಎಳೆದವನು ಕಲ್ಲು ಎಡವದಂತೆ ಜಾಗ್ರತೆಯಾಗಿ ಕಾಲಿಟ್ಟು ಎಳೆದಿದ್ದ.

ಚಿಕ್ಕಗಂಗಮ್ಮ ಗೆರೆಯ ಮೇಲೆ ನಿಂತಳು.

“ಏನೇ, ನಿಂತ್ಬುಟ್ಟೆ?” ಅಂದ ವೆಂಕಟರಂಗಯ್ಯ.

“ಇದು ನಾವು ಮಣ್ಣು ಮಾಡೋ ಜಾಗ.”

“ಗೊತ್ತು. ತುಂಬು.”

“ನನ್ ಮಗ್ಳು ಲಕ್ಕಿ ಇಲ್ಲೇ ಅವ್ಳೆ. ಸಿಡುಬಾಗಿ ಹೋದ್ಳು.”

ಮೇಸ್ತ್ರಿ ನೆಲ ನೋಡಿದ. “ಎಷ್ಟು ದಿನ ಆಯ್ತು?”

“ಮೂರು ಮಳೆಗಾಲ ಹೋಯ್ತು.”

“ಹಂಗಾರೆ ಮಣ್ಣಾಗವ್ಳೆ ಬುಡು. ತುಂಬು.”

ಚಿಕ್ಕಗಂಗಮ್ಮ ತಲೆಯ ಮೇಲಿದ್ದ ಮಂಕರಿ ಇಳಿಸಿದಳು. ಬೋರಲು ಹಾಕಿದಳು. ಲಕ್ಕಿಯ ಗುಡ್ಡೆಯ ಪಕ್ಕದಲ್ಲಿ ಕುಂತಳು.

“ನಾನು ತುಂಬಾಕಿಲ್ಲ. ಹೊರಾಕೂ ಇಲ್ಲ.”

“ನೀನ್ ಮಾಡ್ದಿದ್ರೆ ಬ್ಯಾರೇರು ಮಾಡ್ತಾರೆ.”

“ಮಾಡ್ಲಿ. ನಾನು ಇಲ್ಲೇ ಕುಂತು ನೋಡ್ತೀನಿ.”

ಹಾರೆ ಹಿಡಿದಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೂ ಅಲ್ಲಿ ಅಪ್ಪಂದಿರಿದ್ದರು. ಹಾರೆಗಳು ಒಂದೊಂದಾಗಿ ಕೆಳಗೆ ಬಂದವು. ಸಂಜೆ ಅಪ್ಪಾಜಿ ಹೆಂಡತಿಯನ್ನು ಬೈದ. “ಸತ್ತೋರಿಗೋಸ್ಕರ ಬದುಕಿರೋರು ಉಪಾಸ ಬೀಳ್ಬೇಕಾ?” ಅಂದ. ಚಿಕ್ಕಮಾರಯ್ಯ ಮೂಲೆಯಲ್ಲಿ ಬೀಡಿ ಸೇದುತ್ತಿದ್ದವನು, “ಸತ್ತೋರು ನಿನ್ನೇನೂ ಕೇಳಿಲ್ಲ ಕಣ್ಲಾ. ನಮ್ ಜಾಗ ನಮ್ಗೆ ಬುಡಿ ಅಂತವ್ರೆ, ಅಷ್ಟೇಯ” ಅಂದ.

ಬೇರೆಯವರು ಬಂದರು. ಕುಣಿಗಲ್ ಕಡೆಯಿಂದ ಲಾರಿಯಲ್ಲಿ ತುಂಬಿಕೊಂಡು ತಂದಿದ್ದರು. ಅವರಿಗೆ ಏನೂ ತಿಳಿಯದು. ತಲೆಯ ಕಡೆಯ ಕಲ್ಲುಗಳನ್ನು ಬೆಳಗಾಗುವುದರೊಳಗೆ ಮೇಸ್ತ್ರಿ ಕೀಳಿಸಿದ್ದ. ಹುಣಸೆಮರದ ಹತ್ತಿರ ಇಬ್ಬರು ಪೊಲೀಸರು ನಿಂತು ಕೇರಿಯವರನ್ನು ತಡೆದರು. ಚಿಕ್ಕಗಂಗಮ್ಮ ಹೇಳಿದಂತೆಯೇ ನೋಡಿದಳು. ಕುಂತು ನೋಡಲು ಮಾತ್ರ ಬಿಡಲಿಲ್ಲ.

ಮಧ್ಯಾಹ್ನದ ತನಕ ಅಗೆತ ನಡೆಯಿತು. ಮೂಳೆ ಬಂದಾಗ ವೆಂಕಟರಂಗಯ್ಯ, “ದನದ್ದು, ದನದ್ದು” ಅಂದ. ಆಮೇಲೆ ಒಬ್ಬ ಹೆಂಗಸಿನ ಮಂಕರಿಯೊಳಗೆ ಕಾಲುಂಗುರ ಬಂತು. ದನ ಕಾಲುಂಗುರ ಇಡುವುದಿಲ್ಲ. ಆ ಹೆಂಗಸು ಮಂಕರಿ ಎಸೆದು ಕಿರುಚಿದಳು. ಕುಣಿಗಲ್‌ನವರು ಗುದ್ದಲಿಗಳನ್ನು ಅಲ್ಲಲ್ಲೇ ಬಿಟ್ಟು, ಲಾರಿಗೂ ಕಾಯದೆ, ರಸ್ತೆ ಹಿಡಿದು ನಡೆದುಹೋದರು.

ಅಷ್ಟು ಹೊತ್ತಿಗೆ ಲಕ್ಕಿಯ ಗುಡ್ಡೆ ಇರಲಿಲ್ಲ. ಅದರ ಮಣ್ಣು ಮೊದಲನೆಯ ಮುಖ್ಯರಸ್ತೆಯ ತಗ್ಗಿಗೆ ಬಿದ್ದಿತ್ತು. ಅದರ ಮೇಲೆ ಜಲ್ಲಿ ಹರಡಿ ರೋಲರು ಓಡಿಸಿದರು.

ಅರ್ಧ ಉಳಿದ ಜಾಗಕ್ಕೆ ಸಂಘದವರು ಬೇಲಿ ಹಾಕಿದರು. ಮೂಳೆ ಸಿಕ್ಕ ಸೈಟನ್ನು ಯಾರೂ ಕೊಳ್ಳುವುದಿಲ್ಲ. ಆದ್ದರಿಂದ ಅದನ್ನು ಪಾರ್ಕು ಎಂದು ಕರೆದರು. ಕೇರಿಯವರಿಗೆ ಬದಲಿ ಜಾಗ ತೋರಿಸಿದರು. ಅದು ಕೆರೆಯ ಆಚೆಗಿದ್ದ ಒಂದು ಹಾಸುಬಂಡೆ. ಚಿಕ್ಕಮಾರಯ್ಯ ಹೋಗಿ ಹಾರೆ ಹಾಕಿದ. ಹಾರೆ ಕಿಡಿ ಹಾರಿಸಿ ವಾಪಸು ಬಂತು. “ಇಲ್ಲಿ ಹೂಳಾಕೆ ಮದ್ದು ಇಟ್ಟು ಸಿಡಿಸ್ಬೇಕು ಬುದ್ಧಿ” ಎಂದು ಶ್ರೀಕಂಠಯ್ಯನವರಿಗೆ ಹೇಳಿದ. ಅರ್ಜಿ ಕೊಡಿ ಅಂದರು ಅವರು.

ಮನೆಗಳು ಎದ್ದವು. ಕಾಂಪೌಂಡು, ಕಾಂಪೌಂಡಿನೊಳಗೆ ಕನಕಾಂಬರ, ಮುಂದೆ ಹೆಸರಿನ ಹಲಗೆ. ಶ್ರೀಕಂಠಯ್ಯನವರ ಮನೆ ಪಾರ್ಕಿನ ಎದುರಿಗೇ ಬಂತು. ಚಿಕ್ಕಗಂಗಮ್ಮ ಅಲ್ಲಿನ ಚರಂಡಿ ಬಳಿಯುವ ಕೆಲಸಕ್ಕೆ ಸೇರಿದಳು. ಬೇರೆ ಕೆಲಸ ಇರಲಿಲ್ಲ. ಪೊರಕೆ, ಬಾಂಡಲಿ ಹಿಡಿದು ಮೊದಲನೆಯ ಮುಖ್ಯರಸ್ತೆಗೆ ಬಂದರೆ ಅವಳು ಚರಂಡಿಯ ಅಂಚಿನಲ್ಲೇ ನಡೆಯುತ್ತಿದ್ದಳು. ಹಾಗೆ ನಡೆಯುವುದು ಕೇರಿಯವರ ಮರ್ಯಾದೆ ಎಂದು ಅಲ್ಲಿನವರು ತಿಳಿದರು. ರಸ್ತೆಯ ನಡುವೆ ಕಾಲಿಡಲು ಅವಳಿಗೆ ಆಗುತ್ತಿರಲಿಲ್ಲ.

ಅರವತ್ತೊಂದರಲ್ಲಿ ಬಡಾವಣೆಯ ಉದ್ಘಾಟನೆ ನಿಗದಿಯಾಯಿತು. ಬಡಾವಣೆಯ ಚರಿತ್ರೆ ಬರೆದು ಓದುವ ಭಾರ ರಿಟೈರಾದ ಹೆಡ್‌ಮೇಷ್ಟ್ರು ಸೀತಾರಾಮಯ್ಯನವರ ಮೇಲೆ ಬಿತ್ತು. ಒಳ್ಳೆಯ ಮನುಷ್ಯ. ಕೊಡೆ ಹಿಡಿದು ಮನೆಮನೆಗೆ ಹೋಗಿ ವಿಚಾರಿಸಿದರು. ಮನೆಗಳಿಗಿಂತ ಹಿಂದಿನದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಚರಂಡಿಯಲ್ಲಿ ನಿಂತಿದ್ದ ಚಿಕ್ಕಗಂಗಮ್ಮನನ್ನು ಕೇಳಿದರು.

“ಏನಮ್ಮಾ, ನೀನು ಇಲ್ಲೇ ಇದ್ದೋಳಲ್ವೇ? ಇಲ್ಲಿ ಮುಂಚೆ ಏನಿತ್ತು?”

ಅವಳನ್ನು ಯಾರಾದರೂ ಏನಾದರೂ ಕೇಳಿ ಬಹಳ ಕಾಲವಾಗಿತ್ತು. ಪೊರಕೆ ಕೆಳಗಿಟ್ಟಳು. ಹೇಳಿದಳು. ಯಾರ ಮನೆಯ ಬಚ್ಚಲು ಇರುವಲ್ಲಿ ಯಾರ ತಾತ ಇದ್ದ, ಕಾಲುಂಗುರ ಯಾರದ್ದು, ಲಕ್ಕಿ ಎಲ್ಲಿದ್ದಳು, ಈಗ ಎಲ್ಲಿದ್ದಾಳೆ. ಸೀತಾರಾಮಯ್ಯನವರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಅವರು ನಿಂತಿದ್ದ ಜಾಗದಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. “ಪಾಪ” ಅಂದರು.

ಉದ್ಘಾಟನೆಯ ದಿನ ಪಾರ್ಕಿನಲ್ಲಿ ಶಾಮಿಯಾನ ಹಾಕಿದರು. ಕೇರಿಯವರು ಬೇಲಿಯ ಹೊರಗೆ ನಿಂತರು. ಚಿಕ್ಕಮಾರಯ್ಯ ಒಂದು ವರ್ಷದಿಂದ ಕೆಮ್ಮುತ್ತಿದ್ದ. ಆದರೂ ಕೋಲೂರಿಕೊಂಡು ಬಂದಿದ್ದ. ಮೇಷ್ಟ್ರು ನಮ್ಮ ಮಾತು ಕೇಳಿಕೊಂಡಿದ್ದಾರೆ, ಇವತ್ತು ಹೇಳುತ್ತಾರೆ ಎಂದು ಚಿಕ್ಕಗಂಗಮ್ಮನೇ ಕರೆತಂದಿದ್ದಳು.

ಸೀತಾರಾಮಯ್ಯನವರು ಕನ್ನಡಕ ಹಾಕಿಕೊಂಡು ಓದಿದರು.

“ನಾಲ್ಕು ವರ್ಷಗಳ ಹಿಂದೆ ಈ ಸ್ಥಳದಲ್ಲಿ ಏನೂ ಇರಲಿಲ್ಲ. ಕಳ್ಳಿ, ಜಾಲಿಗಳಿಂದ ತುಂಬಿದ ಈ ಬೀಳುಭೂಮಿ ನರಿಗಳ ಆವಾಸವಾಗಿತ್ತು. ಇಂದು ಸಜ್ಜನರ ನೆಲೆಯಾಗಿದೆ.”

ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಬೇಲಿಯ ಹೊರಗಿನಿಂದ ಚಿಕ್ಕಮಾರಯ್ಯನ ದನಿ ಕೇಳಿಸಿತು.

“ಬುದ್ಧೀ, ಅಲ್ಲಿ ನನ್ ಹೆಂಡ್ರು ಅವ್ಳೆ. ತಾವು ನಿಂತಿದ್ದೀರಲ್ಲ, ಅದ್ರಿಂದ ಒಸಿ ಎಡಕ್ಕೆ.”

ಯಾರೋ ನಕ್ಕರು. ಯಾರೋ “ಕುಡಿದಿದಾನೆ” ಅಂದರು. ಅವನು ಕುಡಿದಿರಲಿಲ್ಲ. ವೆಂಕಟರಂಗಯ್ಯ ಬಂದು ರಟ್ಟೆ ಹಿಡಿದು ತಳ್ಳಿದ. ಮುದುಕ ಬಿದ್ದ. ಎಬ್ಬಿಸಿದಳು ಚಿಕ್ಕಗಂಗಮ್ಮ. ಮೈಕಿನಲ್ಲಿ ವಂದನಾರ್ಪಣೆ ನಡೆಯಿತು.

ಸಮಾರಂಭ ಮುಗಿದ ಮೇಲೆ ಸೀತಾರಾಮಯ್ಯನವರು ಅವಳ ಹತ್ತಿರ ಬಂದರು, ಬೇಲಿಯ ತನಕ.

“ನೀನು ಹೇಳಿದ್ದು ಮರೆತಿರಲಿಲ್ಲಮ್ಮ. ಆದರೆ ಶುಭಕಾರ್ಯ ನೋಡು. ಹೆಣದ ಮಾತು ಆಡಬಾರದು.”

“ನರಿ ಮಾತು ಆಡ್ಬೋದಾ ಸ್ವಾಮಿ?” ಅಂದಳು.

ಮೇಷ್ಟ್ರು ಕೊಡೆ ಬಿಚ್ಚಿದರು. ಮಳೆಯೂ ಇರಲಿಲ್ಲ, ಬಿಸಿಲೂ ಇಳಿದಿತ್ತು.

ಚಿಕ್ಕಮಾರಯ್ಯ ಅಂದು ಮಲಗಿದವನು ಮತ್ತೆ ಏಳಲಿಲ್ಲ. ಕೆಮ್ಮು ಹೆಚ್ಚಿತು, ಗಂಜಿ ಇಳಿಯಲಿಲ್ಲ. ಸಾಯುವ ಮುಂಚೆ ಸೊಸೆಯನ್ನು ಕರೆದ. ಮಗನನ್ನಲ್ಲ.

“ಕೂಸೇ, ನನ್ನ ಆ ಬಂಡೆ ಮ್ಯಾಲೆ ಇಕ್ಬ್ಯಾಡ. ಕೇರೀರೆಲ್ಲಾರ್ಗೂ ಗುಣಿ ತೋಡಿವ್ನಿ. ನಂಗೊಂದು ತೋಡ್ಸು.”

“ಎಲ್ಲಿ ಮಾವ?”

“ಗೊತ್ತಲ್ಲ ನಿಂಗೆ.”

ಬೆಳಿಗ್ಗೆ ತಮಟೆ ಹೊಡೆದುಕೊಂಡು ಹೊರಟರು. ಹೆಣ ಮೊದಲನೆಯ ಮುಖ್ಯರಸ್ತೆಗೆ ಬಂದಾಗ ಹೊತ್ತಿದ್ದವರು ಕೆರೆಯ ಕಡೆ ತಿರುಗಲು ಹೋದರು. ಚಿಕ್ಕಗಂಗಮ್ಮ ಮುಂದೆ ಹೋಗಿ ಪಾರ್ಕಿನ ಗೇಟು ತೆಗೆದಳು. ಆಗ ಅದಕ್ಕೆ ಬೀಗ ಇರಲಿಲ್ಲ. ಕೇರಿಯವರು ಒಳಗೆ ಬರುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲ.

“ಇತ್ಲಾಗೆ” ಅಂದಳು.

ಅಪ್ಪಾಜಿ ನಿಂತ. ಅವನ ಹೆಗಲ ಮೇಲೆ ಅಪ್ಪ ಇದ್ದ. “ಪೊಲೀಸ್ರು ಬತ್ತಾರೆ ಕಣಮ್ಮಿ” ಅಂದ.

“ಬರ್ಲಿ. ಆ ಬಂಡೆ ಮ್ಯಾಲಿಕ್ಕಿದ್ರೆ ನಾಯಿ ಬತ್ತವೆ. ಯಾವ್ದು ವಾಸಿ, ನೀನೇ ಹೇಳು.”

ಅಪ್ಪಾಜಿ ಒಳಗೆ ಕಾಲಿಟ್ಟ.

ಸಂಘದವರು ನೆಟ್ಟಿದ್ದ ಗುಲಾಬಿ ಗಿಡಗಳ ಹತ್ತಿರ ಅವಳೇ ಮೊದಲ ಹಾರೆ ಹಾಕಿದಳು. ಹೆಂಗಸರು ಗುಣಿ ತೋಡುವ ಪದ್ಧತಿ ಕೇರಿಯಲ್ಲಿರಲಿಲ್ಲ. ಯಾರೂ ಆ ಮಾತು ಎತ್ತಲಿಲ್ಲ. ಶ್ರೀಕಂಠಯ್ಯನವರು ಪಂಚೆ ಮೇಲೆತ್ತಿಕೊಂಡು ಓಡಿ ಬಂದರು. ಗೇಟಿನ ತನಕ ಬಂದು ನಿಂತರು. ಒಳಗೆ ಹೆಣ ಇತ್ತು.

“ಏಯ್! ಇಲ್ಲಿ ಹೂಳೋ ಹಾಗಿಲ್ಲ. ಇದು ಪಾರ್ಕು!”

ಚಿಕ್ಕಗಂಗಮ್ಮ ತಲೆಯೆತ್ತಲಿಲ್ಲ. “ನಮ್ಮೋರು ಇದ್ದಾಗ್ಲೇ ಪಾರ್ಕು ಮಾಡಿದ್ರಿ ಸ್ವಾಮಿ. ಪಾರ್ಕಾದ್ಮ್ಯಾಲೂ ನಮ್ಮೋರು ಇರ್ತಾರೆ.”

“ಇದು ಕಾನೂನಿಗೆ ವಿರುದ್ಧ.”

“ಅಂಗಾರೆ ಒಳಗ್ ಬಂದು ನಿಲ್ಸಿ.”

ಅವರು ಒಳಗೆ ಬರಲಿಲ್ಲ. ಹೆಣ ಮುಟ್ಟಿದರೆ ಸ್ನಾನ ಮಾಡಬೇಕು. ಅದೂ ಆ ಹೆಣ. ಪೊಲೀಸರು ಬರುವ ಹೊತ್ತಿಗೆ ಚಿಕ್ಕಮಾರಯ್ಯ ಹೆಂಡತಿಯ ಮಗ್ಗುಲಲ್ಲಿ ಮಲಗಿದ್ದ. ಅಪ್ಪಾಜಿ ಮೂರು ಹಿಡಿ ಮಣ್ಣು ಹಾಕಿ ಮುಗಿಸಿದ್ದ. ಗಂಡಹೆಂಡಿರನ್ನು ಲಾಕಪ್ಪಿಗೆ ಹಾಕಿದರು. ಅಲ್ಲಿ ಒಬ್ಬ ಪೊಲೀಸಿನವನು ಅಪ್ಪಾಜಿಯ ಬೆನ್ನಿಗೆ ಲಾಠಿಯಲ್ಲಿ ಹೊಡೆದ. ಚಿಕ್ಕಗಂಗಮ್ಮನನ್ನು ಬಾಯಲ್ಲಿ ಹೊಡೆದರು. ಆ ಮಾತುಗಳನ್ನು ಅವಳು ಕೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಅವರ ಕೈಯಲ್ಲಿ ಸ್ಟೇಷನ್ನಿನ ಅಂಗಳ ಗುಡಿಸಿಸಿ, ಬಿಟ್ಟು ಕಳಿಸಿದರು.

ಸಂಘದವರು ಅಮಲ್ದಾರರಿಂದ ಹೆಣ ತೆಗೆಸುವ ಹುಕುಂ ತಂದರು. ಹುಕುಂ ಬೇಗ ಬಂತು. ತೆಗೆಯುವವರು ಬರಲಿಲ್ಲ.

ಹೂತ ಹೆಣ ತೆಗೆಯುವ ಕೆಲಸ ತುಮಕೂರಿನಲ್ಲಿ ಕೇರಿಯವರನ್ನು ಬಿಟ್ಟರೆ ಬೇರೆ ಯಾರಿಗೂ ಇರಲಿಲ್ಲ. ವೆಂಕಟರಂಗಯ್ಯ ಹುಣಸೆಮರದ ಹತ್ತಿರ ಬಂದು ಎರಡರಷ್ಟು ಕೂಲಿ ಅಂದ. ಬಾಗಿಲುಗಳು ಮುಚ್ಚಿದವು. ಮೂರರಷ್ಟು ಅಂದ. ಆವತ್ತು ಮೊದಲ ಸಲ ಕೇರಿಯ ಮುಂದೆ ಸೈಕಲ್ಲಿನಿಂದ ಇಳಿದ. ಕುಣಿಗಲ್ ಕಡೆಗೆ ಲಾರಿ ಹೋಯಿತು, ಖಾಲಿ ಬಂತು. ಕಾಲುಂಗುರದ ಸುದ್ದಿ ಅಲ್ಲಿ ಮಾರ್ಕೋನಹಳ್ಳಿಯ ತನಕ ಹಬ್ಬಿತ್ತು.

“ಮೇಸ್ತ್ರಿ, ನೀನೇ ತೆಗೆಯೋ” ಅಂದರು ಶ್ರೀಕಂಠಯ್ಯ.

“ನಾನು ಒಕ್ಲಿಗ ಸ್ವಾಮಿ” ಅಂದ ವೆಂಕಟರಂಗಯ್ಯ. “ತಾವೇ...”

ಆ ಮಾತು ಮುಗಿಯಲಿಲ್ಲ. ಹುಕುಮಿನ ವಾಯಿದೆ ಮುಗಿಯಿತು. ಮುಟ್ಟಬಾರದವರನ್ನು ಮುಟ್ಟದೆ ಹೊರಗಿಡಲು ಆಗುವುದಿಲ್ಲ ಎಂಬ ತೊಡಕು ಸಂಘದ ಯಾವ ಸಭೆಯಲ್ಲೂ ಬಗೆಹರಿಯಲಿಲ್ಲ. ಕಡೆಗೆ ಪಾರ್ಕಿಗೆ ದೊಡ್ಡ ಬೀಗ ಹಾಕಿ, ಬೀಗದ ಕೈಯನ್ನು ಅಧ್ಯಕ್ಷರ ಮನೆಯಲ್ಲಿಟ್ಟರು.

ಮುಂದಿನ ಮಳೆಗಾಲದಲ್ಲಿ ಕೇರಿಯ ಮುದುಕಿ ಬಸವಲಿಂಗಮ್ಮ ತೀರಿಕೊಂಡಳು. ಸೋನೆ ಹಿಡಿದಿತ್ತು. ಬೆಳಿಗ್ಗೆ ಚಟ್ಟ ಹೊತ್ತು ಪಾರ್ಕಿನ ತನಕ ಬಂದರು. ಗೇಟಿಗೆ ಬೀಗ. ಒಬ್ಬ ಕಲ್ಲೆತ್ತಿಕೊಂಡ. ಚಿಕ್ಕಗಂಗಮ್ಮ ಅವನ ಕೈ ಹಿಡಿದಳು. “ಒಡೀಬ್ಯಾಡ. ಕೇಳ್ತೀನಿ ಇರು” ಅಂದಳು. ಚಟ್ಟವನ್ನು ಶ್ರೀಕಂಠಯ್ಯನವರ ಮನೆಯ ಮುಂದೆ, ರಸ್ತೆಯ ನಡುವೆ ಇಳಿಸಿದರು. ಅವಳೂ ರಸ್ತೆಯ ನಡುವೆಯೇ ನಡೆದುಕೊಂಡು ಹೋಗಿ ಮುಂಬಾಗಿಲ ಮೆಟ್ಟಿಲ ಕೆಳಗೆ ನಿಂತಳು. ಕಾಲಲ್ಲಿ ಕೆಸರಿತ್ತು.

“ಏನು?” ಅಂದರು ಶ್ರೀಕಂಠಯ್ಯ, ಬಾಗಿಲಿನಿಂದಲೇ.

“ಬೀಗದ ಕೈ.”

“ಹಿತ್ತಲ ಕಡೆ ಬಾ, ಮಾತಾಡೋಣ.”

“ಬರಾಕಿಲ್ಲ. ಮಾತಾಡೋಕೇನಿಲ್ಲ. ಹೆಣ ನೆನೀತಾ ಐತೆ.”

ಬೀದಿಯಲ್ಲಿ ಹೆಣ ಇರುವ ತನಕ ಆ ಬೀದಿಯಲ್ಲಿ ಒಲೆ ಹಚ್ಚುವಂತಿಲ್ಲ. ಅದು ಶ್ರೀಕಂಠಯ್ಯನವರ ಶಾಸ್ತ್ರವೇ. ಎರಡೂ ಸಾಲಿನ ಮನೆಗಳಲ್ಲಿ ಅಕ್ಕಿ ನೆನೆದಿತ್ತು, ಬೇಳೆ ತೊಳೆದಿಟ್ಟಿತ್ತು. ಕಿಟಕಿಗಳು ತೆರೆದವು. ಪಕ್ಕದ ಮನೆಯ ಗುಮಾಸ್ತ ಚಂದ್ರಶೇಖರಯ್ಯ, “ಆಫೀಸಿಗೆ ಹೊತ್ತಾಯ್ತು ಸಾರ್, ಏನಾದ್ರೂ ಮಾಡಿ” ಎಂದು ಕೂಗಿದ. ಮಕ್ಕಳು ಸ್ಕೂಲ್ ಚೀಲ ಹಿಡಿದು ಹಸಿದು ಕೂತವು. ಕೇರಿಯವರು ಕಂಬಳಿ ಕೊಪ್ಪೆ ಹಾಕಿಕೊಂಡು ಸುಮ್ಮನೆ ನಿಂತಿದ್ದರು. ಹಸಿವು ಅವರಿಗೆ ಅಭ್ಯಾಸವಿತ್ತು.

ಶ್ರೀಕಂಠಯ್ಯನವರು ಒಳಗೆ ಹೋಗಿ ಬೀಗದ ಕೈ ತಂದರು. ಮೆಟ್ಟಿಲ ಮೇಲೆ ಎಸೆದರು.

“ತೊಗೊಂಡು ಹೋಗು.”

ಚಿಕ್ಕಗಂಗಮ್ಮ ಅದನ್ನು ನೋಡಿದಳು. ಬಗ್ಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಅಂಗೈ ಚಾಚಿದಳು.

“ಕೈಗೆ ಕೊಡಿ.”

“ಏನಂದೆ?”

“ಕೈಗೆ ಕೊಡಿ ಅಂದೆ.”

ಶ್ರೀಕಂಠಯ್ಯನವರ ಮುಖ ಕೆಂಪಾಯಿತು. ಕಾನೂನು ಹೇಳಿದರು. ಪೊಲೀಸು ಅಂದರು. ಅವಳ ಕೈ ಚಾಚಿದಂತೆಯೇ ಇತ್ತು. ಅಂಗೈಯಲ್ಲಿ ಮಳೆನೀರು ನಿಂತಿತು, ತುಂಬಿತು, ಸೋರಿತು. ಅವಳು ಕೈ ಇಳಿಸಲಿಲ್ಲ.

ಒಳಗಿನಿಂದ ಕೌಸಲ್ಯಮ್ಮನವರು ಬಂದರು. ತಲೆಗೆ ಟವೆಲು ಸುತ್ತಿದ್ದರು; ಆಗಲೇ ಸ್ನಾನವಾಗಿತ್ತು. ಗಂಡನನ್ನು ನೋಡಿದರು. ರಸ್ತೆಯ ಮೇಲಿನ ಚಟ್ಟವನ್ನು ನೋಡಿದರು.

“ಮಕ್ಳು ಹಸ್ಕೊಂಡಿವೆ. ನಿಮ್ದು ಮುಗಿಯೋ ಹಾಗೆ ಕಾಣಲ್ಲ” ಅಂದರು.

ಮೆಟ್ಟಿಲಿಳಿದು ಬಗ್ಗಿದರು. ಬೀಗದ ಕೈ ಎತ್ತಿಕೊಂಡರು. ಚಿಕ್ಕಗಂಗಮ್ಮನ ಅಂಗೈ ಮೇಲೆ ಇಟ್ಟರು. ಬೆರಳಿಗೆ ಬೆರಳು ತಾಗಿತು.

ಕೌಸಲ್ಯಮ್ಮನವರು ಮತ್ತೆ ಸ್ನಾನಕ್ಕೆ ಹೋದರು. ಚಿಕ್ಕಗಂಗಮ್ಮ ಗೇಟು ತೆಗೆಯಲು ಹೋದಳು.